ಅಂಗಳ ದಾಟಿದ ಗಾಜಿನ ಎಳೆ

ನಾನು ನಿಂತಿದ್ದು ಕಾಟಾ ಕೋಣೆಯ ಬಾಗಿಲಲ್ಲಿ. ಒಂದು ಕಾಲು ಹೊಸ್ತಿಲ ಒಳಗೆ, ಇನ್ನೊಂದು ಹೊರಗೆ. ಊರು ಮೂಡಲಗಿ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಯುಗಾದಿ ಕಳೆದು ಮೊದಲ ಅಡ್ಡಮಳೆ ಬಂದ ಮಧ್ಯಾಹ್ನ. ಇಷ್ಟು ವರ್ಷಗಳ ಮೇಲೆ, ನಿನ್ನೆ, ಮನೆಯಲ್ಲಿ ಮೊಬೈಲ್ ಚಾರ್ಜರ್ ಸುಟ್ಟು ವಾಸನೆ ಹರಡಿದಾಗ ಎಲ್ಲರೂ ಕಿಟಕಿ ತೆರೆಯಲು ಓಡಿದರು. ನಾನು ಮಾತ್ರ ಎದ್ದವನು ಹಾಗೆಯೇ ನಿಂತುಬಿಟ್ಟೆ. ಮೂಗಿಗೆ ನೆನಪು ಜಾಸ್ತಿ ಎಂದು ಕಾಣುತ್ತದೆ.

ಕಾಟಾ ಎಂದರೆ ಗಾಡಿಯನ್ನು ಸರಕಿನ ಸಮೇತ ತೂಗುವ ದೊಡ್ಡ ತಕ್ಕಡಿ. ನಮ್ಮದು ಬೆಲ್ಲದ ವ್ಯಾಪಾರಿಗಳ ಸಣ್ಣ ಸಂಘ. ನಾನು ಅದರ ಗುಮಾಸ್ತ. ಬೆಳಗಾವಿಗೆ ಹೋಗಿ ಕಂಪ್ಯೂಟರ್ ಕೋರ್ಸು ಮುಗಿಸಿ ಬಂದಿದ್ದೆ, ಹಾಗಾಗಿ ಪೇಟೆಯಲ್ಲೆಲ್ಲ ನಾನೇ ಜಾಣ ಎಂದುಕೊಂಡಿದ್ದೆ. ಕಾಟಾ ಕೋಣೆಯ ಎರಡು ಕಂಪ್ಯೂಟರುಗಳನ್ನು ಟಿವಿ ಕೇಬಲ್ಲಿನಂಥ ದಪ್ಪ ಕರಿ ವಾಯರು ಒಂದಕ್ಕೊಂದು ಪೋಣಿಸಿತ್ತು. ಅಂಗಳದಾಚೆ ಕಚೇರಿಯಲ್ಲಿ ಹೊಸ ಪದ್ಧತಿ: ತೆಳು ವಾಯರುಗಳೆಲ್ಲ ಬಂದು ಒಂದು ಡಬ್ಬಿಗೆ ಸೇರುತ್ತಿದ್ದವು. ಹಳೆಯದಕ್ಕೂ ಹೊಸದಕ್ಕೂ ಮಾತಿರಲಿಲ್ಲ. ತೂಕವನ್ನು ಚೀಟಿಯಲ್ಲಿ ಬರೆದು, ಅಂಗಳ ದಾಟಿಸಬೇಕಿತ್ತು.

ಎರಡನ್ನೂ ಕೂಡಿಸಲು ಗೋಕಾಕದಿಂದ ಇಸ್ಮಾಯಿಲ್ ಬಂದ. ದಾರಿ ಎರಡು ಎಂದ. ಎರಡೂ ಬಗೆಯ ಬಾಯಿರುವ ಡಬ್ಬಿಯನ್ನು ಕಚೇರಿಯಲ್ಲಿಟ್ಟು ಕರಿ ವಾಯರನ್ನೇ ಅಂಗಳದ ಮೇಲಿಂದ ಎಳೆಯುವುದು ಅಗ್ಗ. ಇಲ್ಲವೇ ಆ ತುದಿಗೊಂದು ಈ ತುದಿಗೊಂದು ಡಬ್ಬಿಯಿಟ್ಟು ನಡುವೆ ಗಾಜಿನ ಎಳೆ, ಅಂದರೆ ಫೈಬರ್ ಕೇಬಲ್ಲು, ಹಾಕುವುದು; ಅದು ತುಟ್ಟಿ. ಸೆಕ್ರೆಟರಿ ಪದ್ಮಣ್ಣನವರನ್ನು ಪೇಟೆಯೆಲ್ಲ ಕಾಕಾ ಎನ್ನುತ್ತಿತ್ತು. ಅವರು ಕನ್ನಡಕ ಏರಿಸಿದರು.

“ಗಾಜಿಂದಾ? ಕಾಗಿ ಕುಂತ್ರ ಒಡಿಯಂಗಿಲ್ಲೇನೋ?”

“ಕಾಗಿ ಕುಂತ್ರ ಏನಾಗೂದಿಲ್ರಿ. ಸಿಡ್ಲ ಬಿದ್ರ ತಾಮ್ರದೊಳಗ ಹರದು ಆ ಕಡಿ ಹೋಕ್ಕೈತಿ, ಗಾಜಿನ್ಯಾಗ ಹರಿಯಂಗಿಲ್ಲ.”

“ಗುಡುಗಿದ್ರ ವಾಯರ್ ಕಿತ್ತಿಟ್ರಾತು. ಅದಕ್ಯಾಕ ಇಷ್ಟ ಖರ್ಚು?”

ಕಾಟಾ ನಡೆಸುತ್ತಿದ್ದ ಸುಮಿತ್ರಾ ಬಾಗಿಲಲ್ಲೇ ಇದ್ದಳು. “ಕಾಕಾ, ಮುಗಲ ಗುಡುಗಿದಾಗನ ಅಲ್ರಿ ಎಲ್ಲಾರೂ ಬೆಲ್ಲಾ ಹೇರ್ಕೊಂಡ ಓಡಿ ಬರೂದು? ತೊಯ್ದ ಬೆಲ್ಲಾ ನೀವ ತಗೋತೀರೇನು? ಆವಾಗ ನಾ ವಾಯರ್ ಕಿತ್ತ ಕುಂತ್ರ ನನ್ನ ಬೈಯವ್ರೂ ನೀವ.”

ಇಸ್ಮಾಯಿಲ್ ನಕ್ಕ. ಕಾಕಾ ನಗಲಿಲ್ಲ. ಹುಟ್ಟಿದಾಗಿನಿಂದ ಬೆಲ್ಲದ ಪೇಟೆಯಲ್ಲೇ ಬೆಳೆದವರು. ಮೋಡ ಕಪ್ಪಾದಷ್ಟೂ ಕಾಟಾದ ಮುಂದೆ ಗಾಡಿಗಳ ಸಾಲು ಉದ್ದವಾಗುವುದನ್ನು ಅವರಿಗಿಂತ ಹೆಚ್ಚು ಕಂಡವರು ಯಾರು? “ಗಾಜಿಂದನ ಹಾಕು” ಎಂದು ಎದ್ದು ಹೋದರು. ಕಮಿಟಿಯವರು ವಾರಗಟ್ಟಲೆ ಗೊಣಗಿದರು. “ಕಾಕಾ ವಾಯರಿಗೂ ಗಾಜಿನ ಬಳಿ ತೊಡಿಸ್ಯಾರ” ಎಂಬ ಚೇಷ್ಟೆ ಪೇಟೆಯಲ್ಲಿ ಓಡಾಡಿತು. ನಾನೂ ನಕ್ಕವರ ಪೈಕಿ.

ಇನ್ನು ಆ ಮಧ್ಯಾಹ್ನ. ಗಾಳಿ ಎದ್ದೊಡನೆ ಕರೆಂಟು ಹೋಯಿತು. ಎರಡೂ ಕಡೆಯ ಯಂತ್ರಗಳು ಬ್ಯಾಟರಿಯ ಮೇಲಿದ್ದವು. ಸಾಲಿನ ಮೊದಲ ಗಾಡಿ ಮಮದಾಪುರದ ಬಾಳಪ್ಪನದು. ಸುಮಿತ್ರಾಳ ಬೆರಳು ಕೀಲಿಗಳ ಮೇಲಿತ್ತು. ಆಗ ಕಚೇರಿಯ ಮಾಳಿಗೆ ಬೆಳ್ಳಗಾಯಿತು. ಸದ್ದು ನನಗೆ ಕೇಳಿಸಿದ ನೆನಪಿಲ್ಲ, ಎದೆಗೆ ಗುದ್ದಿದಂತಾಯಿತು ಅಷ್ಟೆ. ತಿರುಗಿ ನೋಡಿದೆ. ಸುಮಿತ್ರಾ ಕೂತಲ್ಲೇ ಕೂತಿದ್ದಳು, ಪರದೆ ಉರಿಯುತ್ತಿತ್ತು, ಬಾಳಪ್ಪನ ಗಾಡಿಯ ಅಂಕಿ ಅದರ ಮೇಲೆ ಹಾಗೆಯೇ ಇತ್ತು.

ಕಚೇರಿಯ ಜಗುಲಿಯಲ್ಲಿದ್ದ ಕಾಕಾ ಬರಿಗಾಲಲ್ಲಿ ಮಳೆಯೊಳಗೆ ಓಡಿ ಬಂದರು. ಹಿಂದೆಯೇ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಅಲ್ಲಿನ ಡಬ್ಬಿ ಕರಕಲಾಗಿ ಗೋಡೆಗೆ ಅಂಟಿತ್ತೆಂದು ಆಮೇಲೆ ನೋಡಿದೆವು.

“ಕೈ ತೋರ್ಸವಾ, ಕೈ ತೋರ್ಸು” ಎಂದರು. ಅವಳು ಚಾಚಿದ ಅಂಗೈಗಳನ್ನು ಮೇಲೆ ಕೆಳಗೆ ತಿರುಗಿಸಿ, ಬೆರಳು ಬೆರಳು ಮುಟ್ಟಿ ನೋಡಿದರು. “ಆ ಕರೀ ವಾಯರ್ ಹಾಕಿದ್ರ...” ಎಂದರು.

“ಹಾಕಿಲ್ಲಲ್ರಿ ಕಾಕಾ,” ಎಂದಳು ಸುಮಿತ್ರಾ. “ಬಿಡ್ರಿ ಕೈ. ಬಾಳಪ್ಪಣ್ಣನ ಬೆಲ್ಲಾ ತೋಯಾಕತ್ತೈತಿ.”

ಅಷ್ಟು ದಿನ ಯಾವ ಡಬ್ಬಿ, ಯಾವ ವಾಯರು ಎಂಬುದು ನನಗೆ ಪುಸ್ತಕದ ಪ್ರಶ್ನೆಯಾಗಿತ್ತು. ಇವತ್ತು ಬೆಳಿಗ್ಗೆ ಎದ್ದು ಮನೆಯ ಪ್ಲಗ್ಗುಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿದೆ, ಆಮೇಲೆ ಹುಕ್ಕೇರಿಗೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದೆ.

ಅಂದು ಅದನ್ನು ಕಂಡವರಲ್ಲಿ ಕಾಕಾ ತೀರಿಕೊಂಡರು. ಬಾಳಪ್ಪ ಮಮದಾಪುರದಲ್ಲಿದ್ದಾನೆ, ಎಡಗಿವಿ ಅಂದಿನಿಂದ ಮಂದ. ಸುಮಿತ್ರಾ ಇದ್ದಾಳೆ, ಹುಕ್ಕೇರಿಯಲ್ಲಿ.