ಒಬ್ಬ ಮಾಪಣ್ಣ, ಇಬ್ಬರು ವಿಜ್ಞಾನಿಗಳು

ಬೆಳಗಿನ ಐದು ಗಂಟೆ. ಕಲಬುರಗಿಯ ಶಹಾಬಜಾರದ ಬಾಡಿಗೆ ಮನೆಯೊಂದರಲ್ಲಿ ಮಾಪಣ್ಣನವರು ಮೊಣಕಾಲೂರಿ, ಫರಸಿ ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಬರೆಯುತ್ತಿದ್ದಾರೆ. ಬಾಗಿಲಲ್ಲಿ ಶುರುವಾದ ಲೆಕ್ಕ ಒಲೆಯ ತನಕ ಬಂದಿದೆ. ಹೆಂಡತಿ ಸಾಬಮ್ಮ ಕಸಬರಿಗೆ ಹಿಡಿದು ಗೋಡೆಗೆ ಒರಗಿ ನಿಂತಿದ್ದಾರೆ.

"ಕಸ ಹೊಡೀಲೇನ್ರೀ?"

"ತಡಿ, ಇನ್ನೊಂದ ಸಾಲು."

"ನಿಮ್ಮ ಒಂದ ಸಾಲಿನಾಗ ನನ್ನ ಹತ್ತು ರೊಟ್ಟಿ ಆಗ್ತಾವ. ನಾ ಕಾಲರೆ ಎಲ್ಲಿ ಇಡ್ಲಿ?"

ನನ್ನ ಮನೆಯಾಕೆ ತೀರಿಕೊಂಡ ಮೇಲೆ ಈ ಹೊತ್ತಿಗೆ ಇವರ ಮನೆ ಮುಂದಿನಿಂದ ಗುಡಿಗೆ ಹೋಗುವುದು ನನಗೆ ರೂಢಿ. ಗಂಡಹೆಂಡಿರ ಈ ಮಾತು ಕೇಳುತ್ತ ಅವರ ಹೊಸ್ತಿಲಲ್ಲೇ ಸ್ವಲ್ಪ ಹೊತ್ತು ನಿಂತುಬಿಡುತ್ತೇನೆ.

ಮಾಪಣ್ಣನವರಿಗೆ ಈಗ ನಲವತ್ತೊಂದು. ಖಾಸಗಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ತಂದೆ ಮಾಣಿಕಪ್ಪ ಕಮಲಾಪುರದ ಬಾಳೆ ತೋಟಗಳಲ್ಲಿ ಕೂಲಿ ಮಾಡಿ ಮಗನನ್ನು ಓದಿಸಿದವರು. ಇನ್ನೂ ಯಾರ ಮನೆಗೂ ಬಾರದ ಕ್ವಾಂಟಂ ಕಂಪ್ಯೂಟರ್ ಎಂಬ ಯಂತ್ರದಲ್ಲಿ ಕ್ಷಣಕ್ಷಣಕ್ಕೂ ತಪ್ಪು ಹುಟ್ಟುತ್ತದಂತೆ. ಆ ತಪ್ಪನ್ನು ಹಿಡಿದು ತಿದ್ದುವ ಗಣಿತವೇ ಇವರ ಕೆಲಸ. ಎಂಟು ವರ್ಷಗಳಲ್ಲಿ ಹನ್ನೊಂದು ಲೇಖನಗಳು ವಿದೇಶದ ಪತ್ರಿಕೆಗಳಲ್ಲಿ ಬಂದಿವೆ. ಓಣಿಯವರಿಗೆ ಮಾತ್ರ ಇವರು ನೆಲ ಹೊಲಸು ಮಾಡುವ ಮಾಸ್ತರು.

ಇಂಥ ಸಾಧುವಿನ ಮೇಲೆ ಕಳ್ಳತನದ ಆರೋಪ ಬಂದಿದೆ ಎಂದು ಹೋದ ಜುಲೈನಲ್ಲಿ, 2003ರಲ್ಲಿ, ಕೇಳಿದಾಗ ನಾನು ನಂಬಲಿಲ್ಲ. ಬಡ್ತಿಗೆಂದು ಅವರು ಕೊಟ್ಟ ಲೇಖನಗಳ ಪಟ್ಟಿಯನ್ನು ಕಾಲೇಜು ಹೊರಗಿನ ತಜ್ಞರೊಬ್ಬರಿಗೆ ಕಳಿಸಿತ್ತು. ಅವರು ಬರೆದ ಉತ್ತರ ಹೀಗಿತ್ತು: ಎಂ. ಕಮಲಾಪುರ ಎಂಬವರ ಲೇಖನಗಳನ್ನು ಇತರ ವಿಜ್ಞಾನಿಗಳು 143 ಸಲ ಉಲ್ಲೇಖಿಸಿದ್ದಾರೆ. ಎಂ. ಮಾಣಿಕಪ್ಪ ಎಂಬವರ ಲೇಖನಗಳನ್ನು 61 ಸಲ. ಮಾಣಿಕಪ್ಪನವರ 2000ದ ಲೇಖನದ ಅರ್ಧ ಭಾಗ ಕಮಲಾಪುರ ಅವರ 1997ರ ಲೇಖನದ್ದೇ. ಅರ್ಜಿದಾರರು ಇಬ್ಬರ ಬರಹವನ್ನೂ ತಮ್ಮದೆನ್ನುತ್ತಿದ್ದಾರೆ!

ಹದಿನೈದು ದಿನದಲ್ಲಿ ಸಮಜಾಯಿಷಿ ಕೊಡದಿದ್ದರೆ ನೌಕರಿಯೇ ಹೋಗುತ್ತದೆ ಎಂದು ನೋಟಿಸು ಬಂತು. ಸಾಬಮ್ಮ ಎರಡು ದಿನ ಒಲೆ ಹಚ್ಚಲಿಲ್ಲ.

ಆಗಿದ್ದು ಇಷ್ಟೇ. ನಮ್ಮ ಕಡೆ ಊರು ಬಿಟ್ಟವನು ಊರ ಹೆಸರನ್ನೇ ಅಡ್ಡಹೆಸರು ಮಾಡಿಕೊಳ್ಳುತ್ತಾನೆ. ಕಲಬುರಗಿಯಿಂದ ಬರೆದಾಗ ಮಾಪಣ್ಣನವರು 'ಕಮಲಾಪುರ' ಎಂದು ಸಹಿ ಹಾಕಿದರು. ತಾಯಿ ಭೀಮಬಾಯಿ ಹಾಸಿಗೆ ಹಿಡಿದಾಗ ಎರಡು ವರ್ಷ ಊರಿನಲ್ಲೇ ಉಳಿದು, ನಸುಕಿನ ಬಸ್ಸಿಗೆ ಕಾಲೇಜಿಗೆ ಬಂದು ಹೋಗುತ್ತಿದ್ದರು. ಆಗ ಕಮಲಾಪುರದಿಂದ ಕಳಿಸಿದ ನಾಲ್ಕು ಲೇಖನಗಳಲ್ಲಿ ತಮ್ಮ ಹೆಸರಿನ ಮುಂದೆ ಊರಿನ ಬದಲು ತಂದೆಯ ಹೆಸರು ಹಾಕಿದರು.

ಈಗ ಎದ್ದು ಓಡಾಡುತ್ತಿರುವ ಭೀಮಬಾಯಿಗೆ ಇದರಲ್ಲಿ ತಪ್ಪೇ ಕಾಣುವುದಿಲ್ಲ. "ಊರಾಗ ಕುಂತು ಊರ ಹೆಸರು ಹೇಳ್ಕೊಂಡ್ರ ಮಂದಿ ನಗೂದಿಲ್ಲೇನ್ರೀ? ಇಲ್ಲಿ ಅಂವ ಮಾಣಿಕಪ್ಪನ ಮಗ, ಅಷ್ಟ."

ಹಳೆಯ ಲೇಖನದ ತಪ್ಪನ್ನು ತಿದ್ದಲೆಂದೇ ಬರೆದ ಹೊಸದರಲ್ಲಿ, ಹಳೆಯದೂ ತಮ್ಮದೇ ಎಂದು ಯಾಕೆ ಬರೆಯಲಿಲ್ಲ ಎಂದು ಮಾಪಣ್ಣನವರನ್ನು ಕೇಳುತ್ತೇನೆ.

"ನಂದು ನಂದು ಅಂತ ಹ್ಯಾಂಗ ಬರೀಲಿರೀ? ಬಡಾಯಿ ಆಗ್ತದ," ಎಂದು ತಲೆ ತಗ್ಗಿಸುತ್ತಾರೆ. ಅತ್ತ ವಿದೇಶದ ಪಂಡಿತರೊಬ್ಬರು, 'ಕಮಲಾಪುರರ ದೋಷವನ್ನು ಮಾಣಿಕಪ್ಪ ತೋರಿಸಿಕೊಟ್ಟರು, ಕಮಲಾಪುರ ಇದುವರೆಗೆ ಉತ್ತರ ಕೊಟ್ಟಿಲ್ಲ' ಎಂದು ಬರೆದಿದ್ದಾರೆ.

ವಿಚಾರಣೆಯ ದಿನ ಮಾಪಣ್ಣನವರು ಶಾಲೆಯ ಟಿ.ಸಿ. ಒಯ್ದರು. ಅದರಲ್ಲಿ 'ಮಾಪಣ್ಣ ತಂದೆ ಮಾಣಿಕಪ್ಪ, ಸಾಕಿನ ಕಮಲಾಪುರ' ಎಂದು ತಂದೆಯ ಹೆಸರು, ವಾಸದ ಊರು ಎರಡೂ ಇದ್ದವು. ಪ್ರಾಚಾರ್ಯ ದೇವೀಂದ್ರಪ್ಪನವರು ಅದನ್ನು ನೋಡಿ, "ಹೆಸರು ಒಪ್ಪಿದೆವು ಮಾಪಣ್ಣ. ಎರಡೂ ನೀವೇ ಬರದೀರಿ ಅಂತ ಹ್ಯಾಂಗ ನಂಬೂದು?" ಎಂದರು.

ಮಾಪಣ್ಣನವರು ಹೇಳಿದರಂತೆ: "ಸರ್, ಮಾಣಿಕಪ್ಪನ ಲೇಖನದಾಗೂ ಒಂದು ತಪ್ಪದ. ಮೂರು ವರ್ಷ ಆಯ್ತು, ಯಾರೂ ಹಿಡಿದಿಲ್ಲ. ನಾ ತೋರಸ್ತೀನಿ."

ವಿಚಾರಣೆಗೆ ಬಂದಿದ್ದ ಆ ಹೊರಗಿನ ತಜ್ಞರು ದಂಗಾದರು. ಒಂದೂವರೆ ತಾಸು ಲೆಕ್ಕ ನೋಡಿ, ಕೊನೆಗೆ ಎದ್ದು ನಿಂತು, "ಕದ್ದವನು ಇದನ್ನು ಹೇಳುತ್ತಿರಲಿಲ್ಲ" ಎಂದರು. ಆರೋಪ ಬಿದ್ದುಹೋಯಿತು. ಆದರೆ ತಪ್ಪಿನ ತಿದ್ದುಪಡಿ ಅಚ್ಚಾಗುವ ತನಕ ಬಡ್ತಿ ಇಲ್ಲ ಎಂದು ಸಮಿತಿ ತೀರ್ಮಾನಿಸಿತು. ಸತ್ಯ ನುಡಿದವನಿಗೆ ಈ ಪ್ರಸಾದ! ದೇವರು ಹೀಗೂ ಪರೀಕ್ಷಿಸುತ್ತಾನೆಯೇ ಎಂದು ನಾನು ಇಂದಿಗೂ ಬೆರಗಾಗುತ್ತೇನೆ.

ಅವರಿಗೆ ಮಾತ್ರ ಆ ಕೊರಗಿಲ್ಲ. ತಿದ್ದುಪಡಿ ಈ ವಾರ ಅಂಚೆಗೆ ಹೋಗಿದೆ, ತಂದೆಯ ಹೆಸರು, ಊರ ಹೆಸರು ಎರಡನ್ನೂ ಹೊತ್ತು.

"ಇದರಾಗೂ ತಪ್ಪಿದ್ರ ಯಾರರೆ ಹಿಡೀಲಿರೀ," ಎಂದು ನಗುತ್ತಾರೆ. "ಆದ್ರ ಈ ಸಲ ಹಿಡಿಯಾಂವ ಬ್ಯಾರೆ ಯಾವನರೆ ಆಗಿರಬೇಕು ನೋಡ್ರಿ. ಇಷ್ಟು ವರ್ಷ ನನ್ನ ಜೋಡಿ ನಾನ ಮಾತಾಡೀನಿ."