ನೂರು ಹೆಜ್ಜೆ ದೂರದ ಸೂಲಗಿತ್ತಿ

ಕ್ಯೂಶೂ ದ್ವೀಪದ ದಕ್ಷಿಣ ತುದಿಯ ಆ ಊರಲ್ಲಿ ಸೆತ್ಸುಯೊಳನ್ನು ಅರಿಯದವರಿಲ್ಲ. ವಯಸ್ಸು ಎಪ್ಪತ್ತೊಂದು, ಎತ್ತರ ನಾಲ್ಕೂಮುಕ್ಕಾಲು ಅಡಿ, ಕೋಪ ಮಾತ್ರ ಆಳುದ್ದ. ಕಡಲಿಗೆ ಚಾಚಿದ ಗುಡ್ಡದ ಮೇಲೆ ಮೇಯುವ ನೂರು ಚಿಲ್ಲರೆ ಕಾಡು ಕುದುರೆಗಳು ಇಡೀ ಊರಿನ ಆಸ್ತಿ. ಆದರೆ ಇದು ನನ್ನದು ಎಂದು ಯಾರೂ ಒಂದರ ಮೇಲೂ ಕೈ ಇಡುವಂತಿಲ್ಲ. ಅವುಗಳಿಗೆ ಲಾಯವಿಲ್ಲ, ಹಗ್ಗವಿಲ್ಲ, ಹೊಟ್ಟೆಗೆ ಹಾಕುವ ಯಜಮಾನನಿಲ್ಲ. ಅವುಗಳ ಪಾಡು ಅವುಗಳಿಗೆ.

ಚಳಿಗಾಲದ ಕೊನೆಗೆ ಊರವರು ಗುಡ್ಡಕ್ಕೆ ಬೆಂಕಿಯಿಟ್ಟು ಒಣಹುಲ್ಲು ಸುಡುತ್ತಾರೆ. ಕರಿ ನೆಲದಲ್ಲಿ ಹಸಿರು ಚಿಗುರಿದ ದಿನದಿಂದ ಸೆತ್ಸುಯೊ ಚಾಪೆ ಸುತ್ತಿಕೊಂಡು ಗುಡ್ಡ ಹತ್ತುತ್ತಾಳೆ. ಬುತ್ತಿಗೆ ಅನ್ನದುಂಡೆ, ಒಳಗೊಂದು ಉಪ್ಪು ಹಾಕಿದ ಹುಳಿ ಹಣ್ಣು. ಯಾವುದು ತುಂಬಿದ ಗರ್ಭ, ಯಾವುದು ಬರೀ ಹುಲ್ಲು ಹೊಟ್ಟೆ ಎಂದು ದೂರದಿಂದಲೇ ಹೇಳಬಲ್ಲಳು. ಕುದುರೆಯ ಹಿಂಭಾಗ ನೋಡಿಯೇ ಅದು ಯಾರ ಮಗಳು, ಅದರ ಅಜ್ಜಿ ಯಾವ ಕಣಿವೆಯಲ್ಲಿ ಹುಟ್ಟಿದ್ದಳು ಎಂದು ಬಿಡಿಸಿ ಹೇಳುತ್ತಾಳೆ. ಸ್ವಂತ ನಾದಿನಿಯ ಮಕ್ಕಳ ಹೆಸರು ಮಾತ್ರ ಇವತ್ತಿಗೂ ಹಿಂದುಮುಂದಾಗುತ್ತದೆ.

ಈ ಕೆಲಸ ಅವಳಿಗೆ ಸಿಕ್ಕಿದ್ದು ಜಾಣತನಕ್ಕಲ್ಲ, ತಪ್ಪಿಗೆ. ಇಪ್ಪತ್ತೆರಡರ ಹರೆಯದಲ್ಲಿ, ಒಂದು ಮಳೆಯ ದಿನ, ಆಗಷ್ಟೇ ಹುಟ್ಟಿ ನಡುಗುತ್ತಿದ್ದ ಮರಿಯನ್ನು ನೋಡಲಾರದೆ ತನ್ನ ಅಂಗಿಯಲ್ಲಿ ಸುತ್ತಿ ಎದೆಗವಚಿಕೊಂಡಿದ್ದಳು. ಕೆಳಗಿಟ್ಟ ಮೇಲೆ ತಾಯಿ ಬಂದು ಮೂಸಿತು, ಮತ್ತೆ ಮೂಸಿತು, ಮನುಷ್ಯರ ವಾಸನೆಗೆ ಹಿಂದೆ ಸರಿಯಿತು. ಮರಿ ಎರಡು ದಿನ ಕೂಗಿ ಸತ್ತಿತು. ಕುದುರೆಗಳ ಉಸ್ತುವಾರಿ ನೋಡುವ ಊರ ಸಂಘದ ಹಿರಿಯರು ಬೈಯಲಿಲ್ಲ. "ಆ ಕೂಗು ಕೇಳಿದೋಳು ಇನ್ನೊಂದ್ ಸಲ ಕೈ ಚಾಚಲ್ಲ" ಎಂದು, ಮರುವರ್ಷದಿಂದ ಬಾಣಂತಿ ಕುದುರೆಗಳ ಕಾವಲಿಗೆ ಅವಳನ್ನೇ ಕೂರಿಸಿದರು. ಮರಿ ಹುಟ್ಟಿ ಗಿಣ್ಣು ಹಾಲು ಕುಡಿಯುವ ತನಕ ನೂರು ಹೆಜ್ಜೆಯೊಳಗೆ ಯಾರನ್ನೂ ಬಿಡಬಾರದು, ಅಷ್ಟೇ ಕೆಲಸ. ನಲವತ್ತೊಂಬತ್ತು ವಸಂತ ಅವಳು ಬಿಟ್ಟಿಲ್ಲ.

ಈ ವರ್ಷ ಅವಳ ಜೀವವೆಲ್ಲ ಅಕಾನೆ ಎಂಬ ಕುದುರೆಯ ಮೇಲಿತ್ತು. ಗುಡ್ಡದಲ್ಲಿ ಮಿಕ್ಕವೆಲ್ಲ ಕಂದು, ಕಪ್ಪು. ಕೆಂಪು ಕುದುರೆಗಳ ವಂಶದಲ್ಲಿ ಉಳಿದದ್ದು ಅಕಾನೆ ಒಂದೇ. ಅದಕ್ಕೆ ಇದು ಚೊಚ್ಚಲು. ಈ ಮರಿ ಉಳಿಯದಿದ್ದರೆ ಗುಡ್ಡದ ಮೇಲಿನ ಕೆಂಪು ಬಣ್ಣವೇ ಅಳಿಸಿಹೋದೀತೆಂಬ ಭಯ ಅವಳಿಗೆ.

"ಸೆತ್ಸುಯಕ್ಕ, ನಿನ್ ಸೊಸೆ ಬಸುರಿಯಾದಾಗ್ಲೂ ಇಷ್ಟ್ ದಿನ ಎಣಿಸ್ಲಿಲ್ಲ ನೀನು" ಎಂದು ಸಂಘದ ನಾಗಾತೋಮೊ ಛೇಡಿಸಿದ.

"ಸೊಸೆಗೆ ಡಾಕ್ಟ್ರಿದ್ರು. ಇದಕ್ಕೆ ಯಾರಿದಾರೆ, ನೀನಾ?"

ಏಪ್ರಿಲ್ ಮೊದಲ ವಾರ, ತಣ್ಣನೆ ಜಡಿಮಳೆಯ ಬೆಳಗ್ಗೆ, ಅಕಾನೆ ಇಳಿಜಾರಿನಲ್ಲಿ ಮರಿ ಹಾಕಿತು. ಕೆಂಪು ಮರಿ, ಹೆಣ್ಣು. ಸೆತ್ಸುಯೊ ಹಿಗ್ಗುವಷ್ಟರಲ್ಲಿ ಮರಿ ಏಳಲು ಹೋಗಿ ಜಾರಿ, ಕೆಳಗಿನ ಮಳೆನೀರಿನ ಕೊರಕಲಿಗೆ ಬಿತ್ತು. ನೀರು ಗೇಣಾಳ. ಮರಿಯ ಕಾಲುಗಳು ಒಂದೊಂದು ದಿಕ್ಕಿಗೆ.

ರಸ್ತೆಯಂಚಿನ ಬೇಲಿಯ ಬಳಿ, ಸೆತ್ಸುಯೊಳ ಚಾಪೆಯ ಸುತ್ತ, ನೋಡಲು ಬಂದ ಜನ ಸೇರಿದ್ದರು. ಸೆತ್ಸುಯೊಳ ಮಗ ಯಸುನೊರಿ ಬುತ್ತಿ ಕೊಡಲು ಬಂದವನು ಬೇಲಿಗೆ ಕಾಲು ಹಾಕಿದ. ಅವಳು ಹಿಂದಿನಿಂದ ಕಾಲರು ಹಿಡಿದೆಳೆದಳು.

"ಅಮ್ಮ, ಎರಡ್ ನಿಮಿಷದ್ ಕೆಲಸ. ಮೇಲಕ್ ಎತ್ತಿಟ್ಟು ಬಂದ್ಬಿಡ್ತೀನಿ."

"ನಾನೂ ಎರಡ್ ನಿಮಿಷನೇ ಎತ್ಕೊಂಡಿದ್ದು."

ಒಸಾಕಾದಿಂದ ಬಂದಿದ್ದ ಹೆಂಗಸೊಬ್ಬಳು ತಡೆಯಲಾರದೆ ಹೇಳಿದಳು: "ಕಣ್ಣೆದುರೇ ಸಾಯ್ತಾ ಇದೆಯಲ್ರೀ ಅಜ್ಜಿ. ಕರುಳಿಲ್ವಾ ನಿಮಗೆ?"

"ಕರುಳಿದೆ ತಾಯಿ. ಅದಕ್ಕೇ ಕೈ ಕಟ್ಕೊಂಡು ನಿಂತಿರೋದು."

ಜನ ಗುಸುಗುಸು ಎಂದರು. ಕಲ್ಲೆದೆಯ ಮುದುಕಿ ಎಂದದ್ದು ಕಿವಿಗೆ ಬಿತ್ತು. ಬೀಳಲಿ. ಅವಳ ಕಾಲುಗಳೇ ಅವಳ ಮಾತು ಮೀರಿ ಮೂರು ಹೆಜ್ಜೆ ಮುಂದೆ ಹೋಗಿದ್ದವು. ಜನರ ನಡುವೆ ನಿಂತಿದ್ದ ನಾಗಾತೋಮೊ ಅದನ್ನು ಕಂಡ. ಅವಳೇ ಒಂದೊಂದಾಗಿ ಮೂರನ್ನೂ ಹಿಂದಿಟ್ಟು, ಒದ್ದೆ ಚಾಪೆಯ ಮೇಲೆ ಕುಕ್ಕರಿಸಿದಳು.

"ಮರೀನ್ ನೋಡ್ಬೇಡ, ತಾಯೀನ್ ನೋಡು" ಎಂದಳು ಮಗನಿಗೆ. "ಅವಳು ಬಿಟ್ಟ್ ಹೋಗೋ ತನಕ ಅದಕ್ಕೇನೂ ಆಗಿಲ್ಲ ಅಂತ ಲೆಕ್ಕ."

ಅಕಾನೆ ಬಿಟ್ಟು ಹೋಗಲಿಲ್ಲ. ಕೊರಕಲಿನ ಅಂಚಿಗೆ ಬಂದು ಕತ್ತು ಚಾಚಿ ಮರಿಯ ಬೆನ್ನು ನೆಕ್ಕಿತು. ಗಂಟಲಲ್ಲೇ ಸಣ್ಣಗೆ ಗೊಣಗಿ ಕರೆಯಿತು. ಮರಿ ಎದ್ದು ಬಿತ್ತು. ಮತ್ತೆ ಎದ್ದಿತು, ಮೂತಿ ನೀರಿಗೆ. ಅರ್ಧ ಗಂಟೆ ಹೀಗೇ ಕಳೆಯಿತು. ಐದನೆಯ ಸಲವೋ ಆರನೆಯ ಸಲವೋ, ಮುಂಗಾಲು ದಡದ ಹುಲ್ಲಿಗೆ ಊರಿಕೊಂಡಿತು. ತಾಯಿ ಎರಡು ಹೆಜ್ಜೆ ಹಿಂದೆ ಸರಿದು ಇನ್ನೂ ಗಟ್ಟಿಯಾಗಿ ಕರೆಯಿತು. ಮರಿ ಒಮ್ಮೆ ಒದ್ದಾಡಿ ಮೇಲೆ ಬಂದಿತು.

ಇನ್ನು ಹಾಲು. ಅದು ತಾಯಿಯ ಮುಂಗಾಲ ಸಂದಿಯಲ್ಲಿ ತಡಕಿತು, ಮೊಣಕಾಲನ್ನು ಚೀಪಿತು. "ಹಿಂದೆ ಹೋಗೇ ಪೆದ್ದಿ, ಹಿಂದೆ" ಎಂದು ಸೆತ್ಸುಯೊ ಗೊಣಗುತ್ತಲೇ ಇದ್ದಳು. ಕೊನೆಗೆ ಕೆಚ್ಚಲು ಸಿಕ್ಕಿತು. ಮರಿಯ ಪುಟ್ಟ ಬಾಲ ಪಟಪಟ ಆಡತೊಡಗಿತು. ಅಕಾನೆ ಕದಲದೆ ನಿಂತು ಕುಡಿಸಿತು.

ಒಸಾಕಾದ ಹೆಂಗಸು ಕಣ್ಣೊರೆಸಿಕೊಂಡು ಸೆತ್ಸುಯೊಳಿಗೆ ಸೊಂಟದ ತನಕ ಬಾಗಿ ನಮಸ್ಕರಿಸಿದಳು. ಸೆತ್ಸುಯೊಳಿಗೆ ಹೆಮ್ಮೆ ಉಕ್ಕಿ ಬಂತು. ಅದನ್ನು ಮುಚ್ಚಿಡುವ ಜಾಯಮಾನ ಅವಳದಲ್ಲ.

"ಸರಿಯಾಗ್ ನೋಡ್ಕೊಳ್ಳಿ" ಎಂದಳು ಎಲ್ಲರಿಗೂ ಕೇಳುವಂತೆ. "ನಮ್ಮೂರ್ ಹುಡುಗಿ. ಹುಟ್ಟಿ ಒಂದ್ ಗಂಟೆ ಆಗಿಲ್ಲ, ಯಾರ್ ಹಂಗೂ ಇಲ್ದೆ ಎದ್ದಿದಾಳೆ."

ಹಾಗೆಂದು ತಾನೂ ಏಳಲು ಹೋದಳು. ತಣ್ಣನೆ ಮಳೆಗೆ ಮರಗಟ್ಟಿದ ಮಂಡಿಗಳು ಒಪ್ಪಲಿಲ್ಲ. ಕೈಯೂರಿದಳು, ಕುಸಿದಳು, ಇನ್ನೊಮ್ಮೆ ಊರಿದಳು, ಮತ್ತೆ ಕುಸಿದಳು. ನಾಗಾತೋಮೊ ಕೈ ಕಟ್ಟಿಕೊಂಡು ಅವಳನ್ನೇ ನೋಡುತ್ತ ನಿಂತಿದ್ದ. ಯಸುನೊರಿ ಮುಂದೆ ಬರಲೋ ಬೇಡವೋ ಎಂದು ಅನುಮಾನಿಸಿದ. ಕೈ ಚಾಚಿದವರಿಗೆಲ್ಲ ಬೈಗುಳ ತಿನ್ನಿಸುವ ತಾಯಿ ಅವಳು.

"ಏನ್ ನೋಡ್ತಾ ನಿಂತಿದ್ದೀಯೋ" ಎಂದಳು ಸೆತ್ಸುಯೊ ಮಗನಿಗೆ. "ನಾನೇನ್ ಕುದುರೆ ಮರೀನಾ? ಎತ್ತು."