ಕರಕರ ನಿಂತ ಮೇಲೆ

ನಮ್ಮಜ್ಜಿ ಗೌನಿಪಲ್ಲಿಯವಳು. ಮಾವಿನ ತೋಪಿನಲ್ಲಿ ಯಾರೋ ಹೆಸರು ಹಿಡಿದು ಕರೆದರೆಂದು ಅವಳು ಹೇಳಿದಾಗಲೆಲ್ಲ ನಾನು "ಗಾಳಿ ಕಣಜ್ಜಿ" ಎಂದು ನಗುತ್ತಿದ್ದೆ. "ನಗು ನಾಯನಾ, ನಗು" ಎಂದು ಅವಳೂ ನಗುತ್ತಿದ್ದಳು. ಈಗ ನನ್ನದನ್ನು ಕೇಳಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಮುಳಬಾಗಿಲಿನಲ್ಲಿ ನಮ್ಮ ಭಾವನದು ಮೈಕ್‌ಸೆಟ್ಟಿನ ಅಂಗಡಿ. ಹಳೆಯ ಆಂಪ್ಲಿಫೈಯರ್‌ಗಳೆಂದರೆ ನನಗೆ ಮೋಹ. ರಿಪೇರಿಯಿದ್ದರೆ ಅವರು ಕರೆಯುತ್ತಿದ್ದರು. ಆ ಶುಕ್ರವಾರ ಭಾವ ಕುರುಡುಮಲೆಯ ಮದುವೆಗೆ ಸೆಟ್ಟು ಹಾಕಲು ಹೋಗಿದ್ದರು. ಅಂಗಡಿಯಲ್ಲಿ ನಾನೊಬ್ಬನೇ. ಎದುರಿಗೆ, ವಾಲ್ಯೂಮ್ ಗುಂಡಿ ಮುಟ್ಟಿದರೆ ಸಾಕು, ಕರಕರ ಎಂದು ಕಿರುಚುವ ಆಂಪ್ಲಿಫೈಯರ್. ಒಳಗೆ ಕೂತ ದೂಳಿನ ಕಿತಾಪತಿ ಅದು. ದೂಳು ಬಿಡಿಸುವ ಸ್ಪ್ರೇ ಹೊಡೆದು, ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುತ್ತ ಕೂತೆ. ಕೊನೆಗೆ ಬೆಣ್ಣೆಯಂತಾಯಿತು. ಸದ್ದೇ ಇಲ್ಲ.

ಆಗಲೇ ಷಟರ್ ದಡಾರನೆ ಕೆಳಗೆ ಬಿತ್ತು. ಸ್ಪ್ರಿಂಗ್ ಮುರಿದು, ವಾರೆಯಾಗಿ ಸಿಕ್ಕಿಕೊಂಡಿತ್ತು. ಎತ್ತಲು ನೋಡಿದೆ, ಜಪ್ಪಯ್ಯ ಎನ್ನಲಿಲ್ಲ. ಹಿಂಬಾಗಿಲಿಲ್ಲ, ಕಿಟಕಿಯಿಲ್ಲ, ಮೊಬೈಲು ಹೊರಗೆ ಸ್ಕೂಟರಿನ ಡಿಕ್ಕಿಯಲ್ಲಿ. ಬಡಿದೆ, ಕೂಗಿದೆ. ಸಾಲಿನ ಅಂಗಡಿಯವರೆಲ್ಲ ಬಾಗಿಲು ಹಾಕಿಕೊಂಡು ನಮಾಜಿಗೆ ಹೋಗಿದ್ದರು. ಸ್ಪ್ರೇ ವಾಸನೆ ತುಂಬಿಕೊಂಡು ತಲೆ ಸುತ್ತತೊಡಗಿತು. ಎದೆ ಬಿಗಿದು ಉಸಿರು ಸಾಲದಾಯಿತು.

ಮಾಡಿನ ಮೇಲಿನ ಪೈಪಿಗೆ ಒಂದು ಹಾರ್ನ್ ಸದಾ ಕಟ್ಟಿರುತ್ತಿತ್ತು. ಒಳಗೆ ಇಳಿಬಿಟ್ಟಿದ್ದ ಅದರ ವೈರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದೆ. ಮೈಕುಗಳೆಲ್ಲ ಮದುವೆಗೆ ಹೋಗಿದ್ದವು. ಸದ್ದು ಮಾಡಬೇಕೆಂದರೆ ಗುಂಡಿಯ ಕರಕರವೊಂದೇ ಗತಿ. ಅದನ್ನೋ ಈಗತಾನೇ ಕೈಯಾರೆ ಕೊಂದಿದ್ದೆ! "ಒಂದೇ ಒಂದ್ಸಲ ಕಿರುಚಮ್ಮಾ ತಾಯಿ" ಎಂದು ಬೇಡುತ್ತ ತಿರುಗಿಸಿದೆ, ತಿರುಗಿಸಿದೆ. ಏನೂ ಇಲ್ಲ. ಕೈ ಸೋತು ನೆಲಕ್ಕೆ ಕುಸಿದೆ.

ಸ್ವಲ್ಪ ಹೊತ್ತಿಗೆ ಷಟರಿನಡಿ ಹಾರೆ ನುಗ್ಗಿತು. ಪಕ್ಕದ ಹಾಸಿಗೆ ಅಂಗಡಿಯ ರಹಮತ್ ನನ್ನನ್ನು ಹೊರಗೆಳೆದು, ನೀರು ಕುಡಿಸಿ, ಬೈಯತೊಡಗಿದ.

"ಏನ್ ಸಾರ್ ಅದು, ಮಸೀದಿ ತಂಕ ಕರಕರಾ ಕರಕರಾ ಅಂತ! ಆ ಡಬ್ಬಾ ಬಿಸಾಕ್ರಿ ಅಂತ ನಿಮ್ ಭಾವಂಗೆ ಎಷ್ಟ್ ಸಲ ಹೇಳಿದೀನಿ. ನಮಾಜ್ ಮುಗಿಸ್ಕೊಂಡು ಜಗಳಕ್ಕೇಂತ್ಲೇ ಹೊರಟೆ. ಅಷ್ಟರಲ್ಲಿ ಟಕ್ಕಂತ ನಿಂತೋಯ್ತು. ಆಗ ಭಯ ಆಯ್ತು ಸಾರ್, ಓಡ್ ಬಂದೆ."

"ಸುಮ್ನಿರಪ್ಪ, ಅದು ಕರಕರ ಅನ್ನಲೇ ಇಲ್ಲ."

"ಮತ್ತೆ ಅದೇನು?" ಎಂದು ಮಾಡಿನ ಕಡೆ ಕೈ ತೋರಿಸಿದವನು ಹಾಗೇ ನಿಂತ. ಬರೀ ಪೈಪು. ತುಂಡು ವೈರು ಬಿಸಿಲಿನಲ್ಲಿ ತೂಗಾಡುತ್ತಿತ್ತು. ಬೆಳಿಗ್ಗೆಯೇ ಭಾವ ಹಾರ್ನನ್ನೂ ಮದುವೆಗೆ ಒಯ್ದಿದ್ದರಂತೆ.

ನಮಾಜಿಗೆ ಬಂದಿದ್ದ ಇನ್ನೂ ಕೆಲವರು ಆ ಸದ್ದು ಕೇಳಿದ್ದಾಗಿ ಹೇಳಿದರು. ನಾನು ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ.

ಆ ಆಂಪ್ಲಿಫೈಯರ್ ಈಗ ನಮ್ಮ ಮನೆಯಲ್ಲಿದೆ. ಗುಂಡಿ ಇಂದಿಗೂ ಬೆಣ್ಣೆಯಂತೆ ತಿರುಗುತ್ತದೆ. ನನಗೇನೂ ಕೇಳಿಸುವುದಿಲ್ಲ. ಆದರೆ ತಿರುಗಿಸಿ ಬಿಟ್ಟ ಮೇಲೆ, ಯಾರಾದರೂ ಓಡಿ ಬರುತ್ತಾರೇನೋ ಎಂದು ಬಾಗಿಲ ಕಡೆ ನೋಡುವುದು ಮಾತ್ರ ತಪ್ಪಿಲ್ಲ.